ಮಳೆ ರಜೆ ತಂಗಿಗೆ, ಜರ್ನಲ್ ನನಗೆ

"ಹೈಸ್ಕೂಲು ಮುಗೀಲಿ, ಕಾಲೇಜಲ್ಲಿ ಆರಾಮು" ಅಂದವರು ಯಾರು ಸ್ವಾಮಿ?

ತಂಗಿ ಹತ್ತನೇ ಕ್ಲಾಸು. 625 ಅಂಕದ ಗಲಾಟೆ ಮನೆಯಲ್ಲಿ ಜೋರು, ನಿಜ. ಆದರೆ ಅವಳ ಹೋಮ್‌ವರ್ಕು ಇವತ್ತು ಕೊಟ್ಟು ನಾಳೆ ನೋಡುವಂಥದ್ದು. ರಾತ್ರಿ ಊಟದ ಹೊತ್ತಿಗೆ ಮುಗಿಯುತ್ತದೆ. ನಮ್ಮ ಬಿಎಸ್ಸಿಯಲ್ಲಿ ದಿನಾ ಕೇಳುವವರಿಲ್ಲ. ಸೆಮಿಸ್ಟರ್ ಕೊನೆಗೆ ಇಂಟರ್ನಲ್ಸು, ಅಸೈನ್‌ಮೆಂಟು, ಸೆಮಿನಾರು ಎಲ್ಲ ಒಂದೇ ವಾರಕ್ಕೆ! ಒಬ್ಬ ಸರ್ ಏನು ಕೊಟ್ಟಿದ್ದಾರೆ ಅಂತ ಇನ್ನೊಬ್ಬರಿಗೆ ಗೊತ್ತೇ ಇರುವುದಿಲ್ಲ.

ಜರ್ನಲ್ಲಿನದು ಬೇರೆಯೇ ಕಥೆ. ಬಲಗಡೆ ಗೆರೆ ಹಾಳೆಯಲ್ಲಿ ಪೆನ್ನಿನಲ್ಲಿ ಪ್ರಯೋಗ, ಎಡಗಡೆ ಖಾಲಿ ಹಾಳೆಯಲ್ಲಿ ಪೆನ್ಸಿಲ್ಲಿನ ಚಿತ್ರ. ಇಂಡೆಕ್ಸಿನಲ್ಲಿ ಒಂದು ತಾರೀಕು ಬಿಟ್ಟರೂ ಸಹಿ ಇಲ್ಲ. ಸಹಿ ಇಲ್ಲದಿದ್ದರೆ ಪ್ರಾಕ್ಟಿಕಲ್ ಪರೀಕ್ಷೆಗೆ ಕೂರಿಸುವುದಿಲ್ಲ.

ಜುಲೈ ಬಂದರೆ ಇನ್ನೂ ಹೊಟ್ಟೆಯುರಿ. ಶಿರಸಿಯಲ್ಲಿ ಧೋ ಅಂತ ಮಳೆ. ಜಿಲ್ಲಾಧಿಕಾರಿ ರಜೆ ಕೊಡುತ್ತಾರೆ, ಅಂಗನವಾಡಿಯಿಂದ ಪಿಯುವರೆಗೆ. ಡಿಗ್ರಿಯವರಿಗೆ ಹೆಚ್ಚಿನ ಸಲ ಇಲ್ಲ. ನಮ್ಮ ಮೇಲೆ ಮಳೆ ಬೀಳೋದೇ ಇಲ್ವಾ? ತಂಗಿ ಕಂಬಳಿ ಹೊದ್ದು ಹಲಸಿನ ಹಪ್ಪಳ ಮೆಲ್ಲುತ್ತಾಳೆ. ನಾನು ಜರ್ನಲ್ಲನ್ನು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿಕೊಂಡು ಬಸ್ಸಿಗೆ ಕಾಯುತ್ತೇನೆ. ಮೇಲಿಂದ ಅವಳ ಆರ್ಡರು ಬೇರೆ: "ಅಣ್ಣಾ, ಬರುವಾಗ ನಂಗೂ ಗ್ರಾಫ್ ಶೀಟ್ ತಗಂಡು ಬಾ."