ಅಪ್ಪನಿಗೆ ಎಷ್ಟು ಹಲ್ಲು?

ಈ ಸಲ ಊರಿಂದ ಬರುವಾಗ ಅಮ್ಮ ಕಟ್ಟಿಕೊಟ್ಟ ಕೋಡುಬಳೆಯಲ್ಲಿ ನಾಲ್ಕನ್ನು ಪಕ್ಕದ ಮನೆ ಅಜ್ಜಿಗೆ ಕೊಟ್ಟೆ. ಜಪಾನಿನ ಯೋಕೊಹಾಮಾದ ನಮ್ಮ ಬೀದಿಗೆ ಅವರೇ ಹಿರಿಯರು, 83 ವರ್ಷ. ಅಮ್ಮನ ಕೋಡುಬಳೆ ಅಂದ್ರೆ ಸುಮ್ನೆ ಅಲ್ಲ. "ಗಟ್ಟಿ ಇದೆ, ಚಹಾದಲ್ಲಿ ಅದ್ದಿಕೊಳ್ಳಿ" ಅಂದೆ. ಅಜ್ಜಿ ಬಾಗಿಲಲ್ಲೇ ನಿಂತು ಕಟುಂ ಅಂತ ಕಚ್ಚಿದರು. 24 ಹಲ್ಲು, ಎಲ್ಲ ಸ್ವಂತದ್ದು ಅಂತ ನಕ್ಕರು. ಆಮೇಲೆ ಕೇಳಿದರು, "ನಿಮ್ಮ ತಂದೆಗೆ ಎಷ್ಟಿದೆ?"

ನನಗೆ ಗೊತ್ತಿರಲಿಲ್ಲ. ತೀರ್ಥಹಳ್ಳಿ ಕಡೆಯ ನಮ್ಮ ತೋಟದಲ್ಲಿ ಎಷ್ಟು ಅಡಿಕೆ ಮರ, ಹೋದ ವರ್ಷ ಎಷ್ಟು ಕ್ವಿಂಟಾಲ್, ರಾಶಿ ಅಡಿಕೆಗೆ ಏನು ರೇಟು, ಎಲ್ಲ ಬಾಯಿಪಾಠ. 67ರ ಅಪ್ಪನ ಹಲ್ಲು ಮಾತ್ರ ಯಾರೂ ಎಣಿಸಿಲ್ಲ.

ಇಲ್ಲಿ ಎಣಿಸ್ತಾರೆ. 1989ರಿಂದ ಇವರದ್ದೊಂದು ಗುರಿ ಇದೆ, 8020 ಅಂತ. 80ನೇ ವಯಸ್ಸಿಗೆ ಕಡೇಪಕ್ಷ 20 ಹಲ್ಲು ಉಳಿದಿರಬೇಕು. ಅಷ್ಟಿದ್ದರೆ ಹೆಚ್ಚುಕಮ್ಮಿ ಎಲ್ಲವನ್ನೂ ಅಗಿದು ತಿನ್ನಬಹುದು ಅನ್ನೋದು ಲೆಕ್ಕ. ಶುರುವಿನಲ್ಲಿ ಆ ವಯಸ್ಸಿನ ಹತ್ತು ಜನರಲ್ಲಿ ಒಬ್ಬರೂ ಗುರಿ ಮುಟ್ಟುತ್ತಿರಲಿಲ್ಲ. 2016ರ ಸರ್ವೆ ಹೊತ್ತಿಗೆ ಅರ್ಧಕ್ಕಿಂತ ಜಾಸ್ತಿ ಜನ ಮುಟ್ಟಿದ್ದರು.

ನಮ್ಮಲ್ಲಿ ಹಲ್ಲು ಹೋಗೋದು ಕೂದಲು ನೆರೆತಷ್ಟೇ ಸಹಜ. ಐವತ್ತಕ್ಕೆ ಒಂದು ಅಲ್ಲಾಡುತ್ತೆ, ಕೀಳಿಸ್ತಾರೆ. ಅರವತ್ತಕ್ಕೆ ದವಡೆಯದ್ದು ನಾಲ್ಕು ಹೋಗುತ್ತೆ. ಕಡಲೆ ಇದ್ದಾಗ ಹಲ್ಲಿಲ್ಲ ಅಂತ ಗಾದೆ ಹೇಳಿ ನಗ್ತಾರೆ. ಕೊನೆಗೊಂದು ಹಲ್ಸೆಟ್ಟು. ಅದೂ ಮದುವೆ ಮನೆಗೆ ಮಾತ್ರ. ಊಟಕ್ಕೆ ಕೂರುವಾಗ ತೆಗೆದು ಜೇಬಿಗೆ!

"ಕ್ಲೀನ್ ಮಾಡಿಸಪ್ಪ" ಅಂದರೆ ಅಪ್ಪನದು ಒಂದೇ ಮಾತು, "ಕ್ಲೀನ್ ಮಾಡಿಸಿದ್ರೆ ಹಲ್ಲು ಸಡಿಲ ಆಗ್ತದೆ ಮಾರಾಯ." ನಮ್ಮೂರಲ್ಲಿ ಇದನ್ನು ನಂಬದವರು ಕಡಿಮೆ. ನಿಜ ಏನೆಂದರೆ, ಒಳಗೆ ವಸಡು ಮೊದಲೇ ಕೆಟ್ಟು ಇಳಿದಿರುತ್ತೆ. ಹಲ್ಲಿನ ಸಂದಿಗೆ ಗಾರೆ ಮೆತ್ತಿದ ಹಾಗೆ ಕಟ್ಟಿದ ಕಿಟ್ಟವೇ ಹಲ್ಲನ್ನು ಹಿಡಿದು ನಿಲ್ಲಿಸಿರುತ್ತೆ. ಕಿಟ್ಟ ತೆಗೆದ ದಿನ ಅಲುಗಾಟ ಗೊತ್ತಾಗುತ್ತೆ, ಬೈಗುಳ ಡಾಕ್ಟರಿಗೆ. ಜೊತೆಗೆ ಹೊಗೆಸೊಪ್ಪು ಹಾಕಿದ ಕವಳ, ಅಂದ್ರೆ ಎಲೆಅಡಿಕೆ. ಶುಗರ್ ಬೇರೆ. ಶುಗರ್ ಇದ್ದವರ ವಸಡು ಇನ್ನೂ ಬೇಗ ಕೆಡುತ್ತೆ.

ನನಗೆ ಸಿಟ್ಟು ಬರೋದು ಬೇರೆ ಕಾರಣಕ್ಕೆ. ಮುಂಚೆಯೇ ಜೋಪಾನ ಮಾಡೋದು ನಮ್ಮ ಜನಕ್ಕೆ ಗೊತ್ತಿಲ್ಲದ ವಿದ್ಯೆ ಅಲ್ಲ. ಅಡಿಕೆಗೆ ಕೊಳೆರೋಗ ಕಾಣಿಸಿಕೊಳ್ಳಲಿ ನೋಡೋಣ ಅಂತ ಯಾವ ತೋಟದವನೂ ಕೂರಲ್ಲ. ಮಳೆ ಹಿಡಿಯುವ ಮೊದಲೇ ಸುಣ್ಣ, ಮೈಲುತುತ್ತು ಕಲಸಿದ ಬೋರ್ಡೋ ದ್ರಾವಣ ಹೊಡೆಸ್ತಾರೆ. ನಲವತ್ತು ದಿನಕ್ಕೆ ಇನ್ನೊಂದು ಸಲ. ಮರ ಹತ್ತಿ ಹೊಡೆಯೋ ಕೊನೆಗಾರ ಸಿಗದಿದ್ದರೆ ಅಪ್ಪನಿಗೆ ನಿದ್ದೆ ಬರಲ್ಲ. ಅದೇ ಅಪ್ಪನ ವಸಡಿನಲ್ಲಿ ರಕ್ತ ಬಂದರೆ ಉಪ್ಪುನೀರು ಮುಕ್ಕಳಿಸಿ ಸುಮ್ಮನಾಗ್ತಾರೆ. ಅಡಿಕೆಗೆ ಇರುವ ಮರ್ಯಾದೆ ಅದನ್ನು ಅಗಿಯುವ ಹಲ್ಲಿಗಿಲ್ಲ.

ಹಾಂ, ಇದನ್ನೂ ಹೇಳಬೇಕು. ಇಲ್ಲಿ ಸ್ಟೇಷನ್ ಇಳಿದರೆ ಹಲ್ಲಿನ ಕ್ಲಿನಿಕ್. ದೇಶದಲ್ಲಿ ಕನ್ವೀನಿಯನ್ಸ್ ಸ್ಟೋರ್‌ಗಿಂತ ಅವೇ ಜಾಸ್ತಿ. ನೂರು ಯೆನ್ ಬಿಲ್ಲಾದರೆ ನಾನು ಕೊಡೋದು ಮೂವತ್ತು, ಉಳಿದದ್ದು ಇನ್ಶೂರೆನ್ಸು. ಅಪ್ಪ ಬೆಳಗಿನ ಬಸ್ಸು ಹಿಡಿದು ತೀರ್ಥಹಳ್ಳಿಗೆ ಹೋಗಬೇಕು, ಹಲ್ಲು ಕಟ್ಟಿಸೋದಾದರೆ ಶಿವಮೊಗ್ಗಕ್ಕೆ. ಕೊಯ್ಲಿನ ಸಮಯದಲ್ಲಿ ಅದಕ್ಕೊಂದು ದಿನ ಎಲ್ಲಿಂದ ತರೋದು? ಕೈಯಿಂದಲೇ ದುಡ್ಡು ಬೇರೆ. ಹಾಗಂತ ಯೋಕೊಹಾಮಾದ ಅಜ್ಜಿಗೆ ಕವಳ ಕುಟ್ಟಿಕೊಡೋಕೆ ಮೊಮ್ಮಗ ಇಲ್ಲ. ನಾನು ನಮ್ಮಜ್ಜಿಗೆ ಎಷ್ಟು ಕುಟ್ಟಿಲ್ಲ! ಕುಟ್ಟಾಣಿಯ ಆ ಟಕ್ ಟಕ್ ಸದ್ದು ನೆನಪಾದರೆ ಸಿಟ್ಟು ಅರ್ಧ ಇಳಿಯುತ್ತೆ. ಅರ್ಧ ಮಾತ್ರ.

ಆವತ್ತೇ ರಾತ್ರಿ ವಿಡಿಯೊ ಕಾಲ್ ಮಾಡಿ ಕೇಳಿದೆ.

"ಅಪ್ಪ, ನಿಂಗೆ ಎಷ್ಟು ಹಲ್ಲಿದೆ?"

"ಎಂತಕ್ಕೆ? ಎಂತ ಆಯ್ತು ನಿಂಗೆ?"

"ಎಣ್ಸಿ ಹೇಳು."

ಅಪ್ಪ ಸುಮ್ಮನಾದರು. ಕೆನ್ನೆಯ ಒಳಗೆ ನಾಲಿಗೆ ನಿಧಾನಕ್ಕೆ ಓಡಾಡೋದು ಇಲ್ಲಿಗೆ ಕಾಣಿಸ್ತಿತ್ತು. ಬಲದಿಂದ ಎಡಕ್ಕೆ, ಮೇಲೆ, ಆಮೇಲೆ ಕೆಳಗೆ. ಒಂದು ಕಡೆ ನಿಂತಿತು.

"ಹದಿನಾಲ್ಕು" ಅಂದರು. "ಒಂದು ಅಲ್ಲಾಡ್ತಾ ಇದೆ. ಅದನ್ನೂ ಲೆಕ್ಕಕ್ಕೆ ಹಿಡಿಯದಾ?"