ಮಾಣಿಕ್ಯ ಕೊಟ್ಟು ಮಂಗ ತಂದರು

ಮಂಗನ ಕೈಗೆ ಮಾಣಿಕ್ಯ ಕೊಡಬೇಡಿ ಅಂತ ಹಿರಿಯರು ಹೇಳಿಟ್ಟು ಹೋದರು. ಮಾಣಿಕ್ಯ ಕೊಟ್ಟು ಮಂಗನನ್ನು ಮನೆಗೆ ತರಬೇಡಿ ಅಂತ ಹೇಳಲಿಲ್ಲ. ಅಷ್ಟು ದೂರ ನಾವು ಹೋಗುತ್ತೇವೆ ಅಂತ ಪಾಪ, ಅವರಿಗೇನು ಗೊತ್ತು?

ನನಗೂ ಗೊತ್ತಿರಲಿಲ್ಲ. 2022ರ ಜನವರಿಯಲ್ಲಿ ಒಂದು ದಿನ ಅಕ್ಕನ ಮಗ ವಾಟ್ಸಾಪಿನಲ್ಲಿ ಒಂದು ಚಿತ್ರ ಕಳಿಸಿದ. ಕೂಲಿಂಗ್ ಗ್ಲಾಸ್ ಹಾಕಿಕೊಂಡ ಒಂಟೆ. ಬಾಯಲ್ಲಿ ಬೀಡಿ. ಚೆನ್ನಾಗಿದೆ ಅನಿಸಿ ಸೇವ್ ಮಾಡಿಕೊಂಡೆ. ಹಾಗಂತ ಅವನಿಗೂ ಹೇಳಿದೆ. ತಕ್ಷಣ ಫೋನ್ ಬಂತು.

"ಮಾಮ, ಸುಮ್ನೆ ಸೇವ್ ಮಾಡ್ಕೊಂಡ್ರೆ ನಿಮ್ದಾಗಲ್ಲ. ಅದು ನಂದು. ಎನ್‌ಎಫ್‌ಟಿ."

"ಹಾಗಾದ್ರೆ ನನ್ನ ಫೋನಲ್ಲಿ ಇರೋದು ಏನಪ್ಪಾ?"

"ಅದು ಬರೀ ಚಿತ್ರ."

"ನಿನ್ನ ಹತ್ರ ಇರೋದು?"

"ಒರಿಜಿನಲ್."

"ಎರಡಕ್ಕೂ ಏನು ವ್ಯತ್ಯಾಸ?"

ಸ್ವಲ್ಪ ಹೊತ್ತು ಯೋಚನೆ ಮಾಡಿದ. "ನಂದಕ್ಕೆ 40 ಸಾವಿರ ಆಗಿದೆ."

ಎನ್‌ಎಫ್‌ಟಿ ಬಗ್ಗೆ ಆಮೇಲೆ ಬೇಕಾದಷ್ಟು ಓದಿದ್ದೇನೆ. ಇಷ್ಟು ಪ್ರಾಮಾಣಿಕವಾದ ವಿವರಣೆ ಎಲ್ಲೂ ಸಿಕ್ಕಿಲ್ಲ.

ಎನ್‌ಎಫ್‌ಟಿ ಅಂದರೆ ನಾನ್ ಫಂಜಿಬಲ್ ಟೋಕನ್. ಫಂಜಿಬಲ್ ಅಂದರೆ ಒಂದರ ಜಾಗದಲ್ಲಿ ಇನ್ನೊಂದು ಇಟ್ಟರೂ ನಡೆಯುತ್ತದೆ ಅಂತ. ನೂರು ರೂಪಾಯಿ ನೋಟು ಫಂಜಿಬಲ್. ಅತ್ತೆ ಮನೆಯಿಂದ ಬಂದ ಉಂಗುರ ನಾನ್ ಫಂಜಿಬಲ್. ಅದನ್ನು ಕಳೆದುಕೊಂಡು ಅದೇ ಥರದ್ದು ಇನ್ನೊಂದು ಹಾಕಿಕೊಂಡು ಹೋಗಿ ನೋಡಿ, ಅರ್ಥ ಆಗುತ್ತದೆ.

ಇನ್ನು ಬ್ಲಾಕ್‌ಚೈನ್. ಅದು ಒಂದು ಲೆಕ್ಕದ ಪುಸ್ತಕ. ಸಾವಿರಾರು ಕಂಪ್ಯೂಟರುಗಳಲ್ಲಿ ಅದರ ನಕಲು ಇರುತ್ತದೆ. ಇಂಥ ನಂಬರಿನ ಟೋಕನ್ ಇಂಥವರದ್ದು ಅಂತ ಅಲ್ಲಿ ಬರೆದಿರುತ್ತದೆ. ಚಿತ್ರ ಸಾಮಾನ್ಯವಾಗಿ ಅಲ್ಲಿರುವುದಿಲ್ಲ. ಚಿತ್ರ ಎಲ್ಲಿದೆ ಅನ್ನುವ ವಿಳಾಸ ಇರುತ್ತದೆ, ಅಷ್ಟೇ. ಹೆಚ್ಚಿನ ಸಲ ಕಾಪಿರೈಟೂ ಸಿಗುವುದಿಲ್ಲ. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಪಹಣಿ ನಿಮ್ಮ ಹೆಸರಲ್ಲಿದೆ, ಜಮೀನಿನಲ್ಲಿ ಊರವರೆಲ್ಲ ಕ್ರಿಕೆಟ್ ಆಡುತ್ತಿದ್ದಾರೆ. ಬೇಲಿ ಹಾಕುವ ಹಾಗಿಲ್ಲ. ಪಹಣಿಯನ್ನು ಮಾತ್ರ ಯಾರೂ ತಿದ್ದಲಾರರು. (ನಮ್ಮ ಕಡೆ ಇದು ಉಲ್ಟಾ. ಜಮೀನು ಇದ್ದಲ್ಲೇ ಇರುತ್ತದೆ, ಪಹಣಿ ಓಡಾಡುತ್ತದೆ.)

ಈ ವಿಳಾಸದ ವ್ಯವಹಾರ ಎಷ್ಟು ಗಟ್ಟಿ ಅಂತ ತೋರಿಸಲು ಸಿಗ್ನಲ್ ಆ್ಯಪ್ ಕಟ್ಟಿದ ಮಾಕ್ಸಿ ಮಾರ್ಲಿನ್‌ಸ್ಪೈಕ್ ಒಂದು ತಮಾಷೆ ಮಾಡಿದರು. ತಮ್ಮದೇ ಒಂದು ಎನ್‌ಎಫ್‌ಟಿ ಮಾಡಿದರು. ಒಂದು ಅಂಗಡಿಯಲ್ಲಿ ನೋಡಿದರೆ ಒಂದು ಚಿತ್ರ, ಇನ್ನೊಂದು ಅಂಗಡಿಯಲ್ಲಿ ಇನ್ನೊಂದು. ದುಡ್ಡು ಕೊಟ್ಟು ಕೊಂಡು ನಿಮ್ಮ ವಾಲೆಟ್‌ನಲ್ಲಿ, ಅಂದರೆ ಕೊಂಡ ಟೋಕನ್ ತೋರಿಸುವ ಆ್ಯಪಿನಲ್ಲಿ, ತೆರೆದರೆ ದೊಡ್ಡದೊಂದು ಕಕ್ಕದ ಇಮೋಜಿ. ಈ ಇಡೀ ಚಳವಳಿಯಲ್ಲಿ ಕಲೆ ಅನ್ನಬಹುದಾದದ್ದು ನನ್ನ ಕಣ್ಣಿಗೆ ಬಿದ್ದದ್ದು ಇದೊಂದೇ. ಓಪನ್‌ಸೀ ಅನ್ನುವ ಅಂಗಡಿ ಅದನ್ನು ತೆಗೆದುಹಾಕಿತು. ಆಮೇಲೆ ನೋಡಿದರೆ ವಾಲೆಟ್‌ನಿಂದಲೂ ಮಾಯ. ಯಾರೂ ಅಳಿಸಲಾಗದ ಪುಸ್ತಕ ಅಂತ ಹೇಳಿದ್ದರಲ್ಲ? ಪುಸ್ತಕದಲ್ಲಿ ಹಾಗೇ ಇತ್ತು. ನೋಡುವ ಕಿಟಕಿ ಮಾತ್ರ ಅಂಗಡಿಯವನ ಕೈಯಲ್ಲಿತ್ತು.

ಜಾತ್ರೆ ಜೋರಾದದ್ದು 2021ರ ಮಾರ್ಚಿನಲ್ಲಿ. ಅಮೆರಿಕದ ಮೈಕ್ ವಿಂಕೆಲ್‌ಮನ್, ಅಡ್ಡಹೆಸರು ಬೀಪಲ್. 2007ರಿಂದ ದಿನಕ್ಕೊಂದು ಚಿತ್ರ ಮಾಡುತ್ತಿದ್ದ ಮನುಷ್ಯ. ಒಂದು ದಿನವೂ ತಪ್ಪಿಸಿಲ್ಲ, ಅದಕ್ಕೆ ಕೈ ಮುಗಿಯಬೇಕು. 5000 ಚಿತ್ರಗಳನ್ನು ಒಟ್ಟಿಗೆ ಅಂಟಿಸಿದ ಫೈಲು ಕ್ರಿಸ್ಟೀಸ್ ಹರಾಜಿಗೆ ಬಂತು. 100 ಡಾಲರಿಗೆ ಶುರುವಾಗಿ 6.93 ಕೋಟಿ ಡಾಲರಿಗೆ ನಿಂತಿತು. ನಮ್ಮ ಲೆಕ್ಕದಲ್ಲಿ ಹೆಚ್ಚುಕಡಿಮೆ 500 ಕೋಟಿ ರೂಪಾಯಿ. ಕೊಂಡವರು ತಮಿಳುನಾಡು ಮೂಲದ, ಸಿಂಗಪುರದಲ್ಲಿ ನೆಲೆಸಿದ್ದ ವಿಘ್ನೇಶ್ ಸುಂದರೇಶನ್. ಅದೇ ಚಿತ್ರವನ್ನು ನೀವು ಈಗಲೇ ಫೋನಿನಲ್ಲಿ ನೋಡಬಹುದು. ಟಿಕೆಟ್ ಇಲ್ಲ.

ಈ ಕಥೆಯಲ್ಲಿ ನನಗೆ ಇಷ್ಟವಾದದ್ದು ಬೀಪಲ್. ಈಥರ್ ಅನ್ನುವ ಡಿಜಿಟಲ್ ನಾಣ್ಯದಲ್ಲಿ ದುಡ್ಡು ಬಂತು. ಕಲೆಯ ಭವಿಷ್ಯ ಅದೇ ಅಂತ ಪ್ರಪಂಚವೆಲ್ಲ ಕೂಗುತ್ತಿತ್ತು. ಬೀಪಲ್ ತಡ ಮಾಡದೆ ಅದನ್ನೆಲ್ಲ ಡಾಲರಿಗೆ ಬದಲಾಯಿಸಿಕೊಂಡರು. ಇದೊಂದು ಗುಳ್ಳೆ ಅಂತ ಟಿವಿಯಲ್ಲಿ ಕೂತು ಹೇಳಿದರು ಕೂಡ. ಗುಡಿಯ ಪೂಜಾರಿಯೇ ತೀರ್ಥ ಕುಡಿಯದೆ ಫಿಲ್ಟರ್ ನೀರು ಕುಡಿಯುತ್ತಿದ್ದರೆ ಭಕ್ತರಿಗೆ ಸ್ವಲ್ಪ ಅನುಮಾನ ಬರಬೇಕಿತ್ತು. ಬರಲಿಲ್ಲ.

ಅದೇ ತಿಂಗಳು ಟ್ವಿಟರಿನ ಜಾಕ್ ಡಾರ್ಸಿ ತಮ್ಮ ಮೊದಲ ಟ್ವೀಟನ್ನು ಮಾರಿದರು. 2006ರದ್ದು. ಟ್ವಿಟರ್ ಸೆಟಪ್ ಮಾಡ್ತಾ ಇದ್ದೀನಿ ಅನ್ನುವ ಅರ್ಥದ ಒಂದೇ ಸಾಲು. ಅದರಲ್ಲಿ ಟ್ವಿಟರ್ ಅನ್ನುವ ಹೆಸರಿನ ಸ್ಪೆಲಿಂಗಿಗೆ ಸ್ವರಾಕ್ಷರವೇ ಇಲ್ಲ, ಬರೀ ವ್ಯಂಜನ. ಮಲೇಷ್ಯಾದಲ್ಲಿದ್ದ ಒಬ್ಬ ಕ್ರಿಪ್ಟೊ ಉದ್ಯಮಿ ಅದಕ್ಕೆ 29 ಲಕ್ಷ ಡಾಲರ್ ಕೊಟ್ಟರು. ಸುಮಾರು 21 ಕೋಟಿ ರೂಪಾಯಿ. ಮುಂದೊಂದು ದಿನ ಇದರ ಬೆಲೆ ಜನಕ್ಕೆ ಗೊತ್ತಾಗುತ್ತದೆ, ಮೋನಾಲಿಸಾ ಚಿತ್ರದ ಹಾಗೆ ಅಂದರು. ಗೊತ್ತಾಯಿತು. 2022ರ ಏಪ್ರಿಲಿನಲ್ಲಿ 4.8 ಕೋಟಿ ಡಾಲರಿಗೆ ಮಾರಾಟಕ್ಕಿಟ್ಟರು. ಗಡುವಿನೊಳಗೆ ಬಂದ ದೊಡ್ಡ ಬಿಡ್ಡು ಸುಮಾರು 280 ಡಾಲರ್. ಅಂದರೆ 21 ಸಾವಿರ ರೂಪಾಯಿ. ಕೋಟಿ ಹೋಗಿ ಸಾವಿರ ಬಂತು, 21 ಮಾತ್ರ ಹಾಗೇ ಉಳಿಯಿತು. ಡಾರ್ಸಿ ಅಷ್ಟರಲ್ಲಿ ಬಂದ ದುಡ್ಡನ್ನು ದಾನ ಮಾಡಿ ಕೈ ತೊಳೆದುಕೊಂಡಿದ್ದರು.

ಕಲ್ಲಿನ ಕಥೆ ಹೇಳದಿದ್ದರೆ ತಪ್ಪಾಗುತ್ತದೆ. ಈಥರ್‌ರಾಕ್ ಅಂತ. ಒಟ್ಟು 100 ಕಲ್ಲು. ಎಲ್ಲವೂ ಒಂದೇ ಕ್ಲಿಪ್ ಆರ್ಟ್ ಚಿತ್ರ, ಬಣ್ಣ ಮಾತ್ರ ಬೇರೆ ಬೇರೆ. ಕೊಳ್ಳುವುದು, ಮಾರುವುದು, ನನ್ನ ಹತ್ತಿರ ಒಂದಿದೆ ಅಂತ ಬೀಗುವುದು ಬಿಟ್ಟರೆ ಇದರಿಂದ ಬೇರೆ ಉಪಯೋಗ ಇಲ್ಲ ಅಂತ ಮಾಡಿದವರೇ ಬರೆದಿದ್ದರು. 2021ರ ಆಗಸ್ಟಿನಲ್ಲಿ ಒಂದು ಕಲ್ಲು 400 ಈಥರಿಗೆ ಹೋಯಿತು, ಆಗಿನ ಲೆಕ್ಕದಲ್ಲಿ 13 ಲಕ್ಷ ಡಾಲರ್. ತನ್ನ ತಲೆ ಮೇಲೆ ತಾನೇ ಕಲ್ಲು ಎಳೆದುಕೊಳ್ಳುವುದು ಅಂತ ನಮ್ಮಲ್ಲಿ ಒಂದು ಮಾತಿದೆಯಲ್ಲ, ಅದರ ಮಾರ್ಕೆಟ್ ರೇಟ್ ಈಗ ಗೊತ್ತಾಯಿತು.

ಈಗ ಮಂಗಗಳಿಗೆ ಬರೋಣ.

ಬೋರ್ಡ್ ಏಪ್ ಯಾಟ್ ಕ್ಲಬ್. ಬೇಜಾರಾದ ಮಂಗಗಳ ವಿಹಾರ ನೌಕೆ ಸಂಘ ಅಂತ ಇಟ್ಟುಕೊಳ್ಳಿ. 2021ರ ಏಪ್ರಿಲಿನಲ್ಲಿ ಯುಗ ಲ್ಯಾಬ್ಸ್ ಅನ್ನುವ ಕಂಪನಿ 10,000 ಮಂಗಗಳನ್ನು ಬಿಟ್ಟಿತು. ಒಂದೊಂದನ್ನೂ ಕಲಾವಿದ ಕೂತು ಬರೆದದ್ದಲ್ಲ. ಟೋಪಿ, ಕಣ್ಣು, ಅಂಗಿ, ರೋಮ ಎಲ್ಲ ಬೇರೆ ಬೇರೆ ಮಾಡಿಟ್ಟು ಕಂಪ್ಯೂಟರಿಗೆ ಕೊಟ್ಟರು. ಅದು ಇಸ್ಪೀಟು ಕಲಸಿದ ಹಾಗೆ ಕಲಸಿ ಹಂಚಿತು. ಚಿನ್ನದ ರೋಮ ಬಂದವನಿಗೆ ಲಾಟರಿ. ಶುರುವಿನ ಬೆಲೆ 0.08 ಈಥರ್, ಸುಮಾರು 200 ಡಾಲರ್. ಒಂದೇ ವರ್ಷದಲ್ಲಿ ತೀರಾ ಸಾಮಾನ್ಯ ಮಂಗಕ್ಕೂ ಲಕ್ಷಗಟ್ಟಲೆ ಡಾಲರ್ ಆಯಿತು.

2022ರ ಜನವರಿಯಲ್ಲಿ ಜಿಮ್ಮಿ ಫಾಲನ್ ತಮ್ಮ ಟಿವಿ ಶೋನಲ್ಲಿ ಪ್ಯಾರಿಸ್ ಹಿಲ್ಟನ್ ಜೊತೆ ಕೂತು ಇಬ್ಬರೂ ತಮ್ಮ ತಮ್ಮ ಮಂಗದ ಫೋಟೋ ತೋರಿಸಿದರು. ಮದುವೆ ಮನೆಯಲ್ಲಿ ಬಲವಂತಕ್ಕೆ ಮೊಮ್ಮಕ್ಕಳ ಫೋಟೋ ತೋರಿಸುವವರ ಮುಖದಲ್ಲಿ ಇರುವಷ್ಟು ಖುಷಿಯೂ ಅಲ್ಲಿರಲಿಲ್ಲ. ಅದೇ ತಿಂಗಳು ಗಾಯಕ ಜಸ್ಟಿನ್ ಬೀಬರ್ ಒಂದು ಮಂಗಕ್ಕೆ 500 ಈಥರ್ ಕೊಟ್ಟರು, 13 ಲಕ್ಷ ಡಾಲರ್. ವರ್ಷದ ಕೊನೆಗೆ ಅದರ ಬೆಲೆ 70 ಸಾವಿರ ಡಾಲರಿನ ಆಸುಪಾಸಿಗೆ ಇಳಿದಿತ್ತು. ಅದೇ ಜನವರಿಯಲ್ಲಿ ಟ್ವಿಟರ್ ಇನ್ನೊಂದು ಸೇವೆ ತಂದಿತು. ನಿಜವಾದ ಎನ್‌ಎಫ್‌ಟಿ ಇದ್ದವರ ಪ್ರೊಫೈಲ್ ಚಿತ್ರಕ್ಕೆ ಆರು ಮೂಲೆ. ನನ್ನಂತೆ ಸೇವ್ ಮಾಡಿಕೊಂಡು ಹಾಕಿಕೊಂಡವರಿಗೆ ದುಂಡಗೆ. ಮಡಿ ಮೈಲಿಗೆ ಅಂತ ಹಳೆಯ ಕಾಲದವರನ್ನು ಬೈಯುತ್ತೇವೆ, ಅಲ್ವಾ?

ನಟ ಸೆತ್ ಗ್ರೀನ್ ಕಥೆ ಕೇಳಿದರೆ ಮಾತ್ರ ಅಯ್ಯೋ ಅನಿಸುತ್ತದೆ. ತಮ್ಮ ಮಂಗನನ್ನೇ ಹೀರೋ ಮಾಡಿ ಒಂದು ಟಿವಿ ಶೋ ತಯಾರಿಸುತ್ತಿದ್ದರು. ಈ ಕ್ಲಬ್ಬಿನಲ್ಲಿ ಮಂಗ ಯಾರದ್ದೋ ಅದನ್ನು ಬಳಸಿ ದುಡಿಯುವ ಹಕ್ಕೂ ಅವರದ್ದೇ. 2022ರ ಮೇ ತಿಂಗಳಲ್ಲಿ ಯಾವುದೋ ಕಳ್ಳ ಲಿಂಕ್ ಒತ್ತಿದರು, ಮಂಗ ಹೋಯಿತು. ಕಳ್ಳ ಅದನ್ನು ಬೇರೆಯವರಿಗೆ ಮಾರಿಯೂ ಆಯಿತು. ಹೀರೋ ಕಿಡ್ನ್ಯಾಪ್ ಆದರೆ ಶೂಟಿಂಗ್ ಮಾಡುವುದು ಹೇಗೆ? ಚಿತ್ರ ಅವರ ಕಂಪ್ಯೂಟರಿನಲ್ಲಿ ಇದೆ. ಪೋಸ್ಟರಿನಲ್ಲಿ ಹಾಕಿಕೊಳ್ಳಬೇಕೆಂದರೆ ಹಕ್ಕಿನ ತಕರಾರು. ಕೊನೆಗೆ ಕೊಂಡವರ ಹತ್ತಿರ ಮಾತಾಡಿ ಸುಮಾರು 3 ಲಕ್ಷ ಡಾಲರ್ ಕೊಟ್ಟು ಮಂಗನನ್ನು ಬಿಡಿಸಿಕೊಂಡು ಬಂದರು. ಅಡವಿಟ್ಟ ಒಡವೆ ಬಿಡಿಸಿಕೊಳ್ಳುವುದು ಗೊತ್ತು. ಅಡವಿಡದೇ ಇದ್ದದ್ದನ್ನು ಬಿಡಿಸಿಕೊಂಡವರು ಇವರೇ ಇರಬೇಕು.

ಈ ಮಂಗಗಳನ್ನು ನೋಡಿ ಬೇರೆಯವರೂ ಮಂಗಗಳನ್ನು ಮಾಡಿದರು. ಇವಾಲ್ವ್ಡ್ ಏಪ್ಸ್ ಅಂತ ಒಂದು ಬಂತು, ವಿಕಾಸ ಹೊಂದಿದ ಮಂಗಗಳು. ಅದನ್ನು ಮಾಡಿದವನು ಇಟ್ಟುಕೊಂಡ ಹೆಸರು ಈವಿಲ್ ಏಪ್, ದುಷ್ಟ ಮಂಗ. 2021ರ ಅಕ್ಟೋಬರ್ ಹೊತ್ತಿಗೆ 798 ಈಥರ್ ಎತ್ತಿಕೊಂಡು ಪರಾರಿ. ಸುಮಾರು 27 ಲಕ್ಷ ಡಾಲರ್. ಮೋಸ ಅಂತ ಜನ ಬೈದರು. ಹೆಸರಿನಲ್ಲೇ ಹೇಳಿದ್ದ, ಇನ್ನೇನು ಹೇಳಬೇಕಿತ್ತು? ಇಂಥ ಓಟಕ್ಕೆ ಅಲ್ಲಿ ರಗ್ ಪುಲ್ ಅನ್ನುತ್ತಾರೆ, ಕಾಲಡಿಯ ಜಮಖಾನೆ ಎಳೆಯುವುದು. ನಮ್ಮಲ್ಲಿ ಇದೇ ಕೆಲಸ ರೈಸ್ ಪುಲ್ಲಿಂಗ್ ಚೊಂಬು, ಎರಡು ತಲೆ ಹಾವು ಇಟ್ಟುಕೊಂಡು ನಡೆಯುತ್ತದೆ. ಒಂದು ವ್ಯತ್ಯಾಸ ಇದೆ. ನಮ್ಮವರಿಗೆ ಕೊನೆಗೆ ಕೈಯಲ್ಲಿ ಚೊಂಬಾದರೂ ಉಳಿಯುತ್ತದೆ.

ಅಕ್ಕನ ಮಗ ಆ ದಿನಗಳಲ್ಲಿ ಬೇರೆ ಭಾಷೆಯನ್ನೇ ಮಾತಾಡುತ್ತಿದ್ದ. ಜಿಎಂ ಅಂದರೆ ಗುಡ್ ಮಾರ್ನಿಂಗ್. ರಾತ್ರಿ ಹತ್ತಕ್ಕೂ ಜಿಎಂ. ವಾಗ್ಮಿ ಅಂತ ಒಂದು ಸಲ ಸ್ಟೇಟಸ್ ಹಾಕಿದ. ಹುಡುಗ ಭಾಷಣ ಕಲಿಯುತ್ತಿದ್ದಾನೆ ಅಂತ ಖುಷಿಯಾಯಿತು. ಆಮೇಲೆ ಗೊತ್ತಾಯಿತು, ನಾವೆಲ್ಲ ಉದ್ಧಾರ ಆಗಿಯೇ ಆಗ್ತೀವಿ ಅನ್ನುವುದರ ಇಂಗ್ಲಿಷ್ ಮೊದಲಕ್ಷರಗಳಂತೆ ಅವು. ಗ್ಯಾಸ್ ಫೀ ಜಾಸ್ತಿ ಆಗಿದೆ ಅಂತ ಗೋಳಾಡಿದಾಗ ಅಕ್ಕ ಸಿಲಿಂಡರಿನ ಸಬ್ಸಿಡಿ ಬಂದಿಲ್ವಾ ಅಂತ ಕೇಳಿದಳು. ಅದು ಲೆಕ್ಕದ ಪುಸ್ತಕದಲ್ಲಿ ಬರೆಯುವ ಕಂಪ್ಯೂಟರುಗಳಿಗೆ ಕೊಡುವ ಕೂಲಿ. ವ್ಯವಹಾರ ಅರ್ಧಕ್ಕೆ ಕೆಟ್ಟರೂ ಆ ಕೂಲಿ ವಾಪಸ್ ಬರುವುದಿಲ್ಲ. ಒಂಟೆಯ ಮೇಲೆ ಅವನು ಅದನ್ನೂ ಕಟ್ಟಿದ್ದ.

ಲಂಡನ್ನಿನ ಕಲಾವಿದ ಡೇಮಿಯನ್ ಹರ್ಸ್ಟ್ ಜನರನ್ನು ನೇರವಾಗಿ ಪರೀಕ್ಷೆಗೇ ಇಟ್ಟರು. ಚುಕ್ಕಿ ಚುಕ್ಕಿಯ 10,000 ಚಿತ್ರಗಳು, ಕಾಗದದ ಮೇಲೆ ಬರೆದವು. ಒಂದಕ್ಕೆ 2000 ಡಾಲರ್. ಕೊಂಡವರಿಗೆ ಮೊದಲು ಸಿಗುವುದು ಎನ್‌ಎಫ್‌ಟಿ. ವರ್ಷದೊಳಗೆ ಹೇಳಬೇಕು, ಕಾಗದ ಬೇಕೋ, ಎನ್‌ಎಫ್‌ಟಿ ಬೇಕೋ. ಒಂದನ್ನು ಆರಿಸಿದರೆ ಇನ್ನೊಂದು ನಾಶ. 5,149 ಚಿತ್ರಗಳಿಗೆ ಕಾಗದವೇ ಬೇಕು ಅಂದರು. 4,851 ಚಿತ್ರಗಳಿಗೆ ಎನ್‌ಎಫ್‌ಟಿಯೇ ಸಾಕು ಅನ್ನುವ ಉತ್ತರ ಬಂತು. 2022ರ ಅಕ್ಟೋಬರಿನಲ್ಲಿ ಹರ್ಸ್ಟ್ ತಮ್ಮದೇ ಗ್ಯಾಲರಿಯಲ್ಲಿ ಆ ಚಿತ್ರಗಳನ್ನು ಒಲೆಗೆ ಹಾಕಲು ಶುರು ಮಾಡಿದರು. ಮನೆ ಸುಡಿ, ಖಾತಾ ಇದ್ದರೆ ಸಾಕು ಅಂದ ಹಾಗಾಯಿತು.

ದೆಹಲಿಯವರು ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಲಿಲ್ಲ. ಇದು ಕಲೆಯೋ, ಕರೆನ್ಸಿಯೋ, ಕನ್ನಡಿಯೊಳಗಿನ ಗಂಟೋ ಅನ್ನುವ ಚರ್ಚೆಗೇ ಹೋಗದೆ 2022ರ ಏಪ್ರಿಲ್ 1ರಿಂದ ಲಾಭದ ಮೇಲೆ 30 ಪರ್ಸೆಂಟ್ ತೆರಿಗೆ ಹಾಕಿದರು. ತಾರೀಖು ನೋಡಿ. ಜುಲೈನಿಂದ 1 ಪರ್ಸೆಂಟ್ ಟಿಡಿಎಸ್ ಬೇರೆ. ಒಂಟೆಯಲ್ಲಿ ಕಳೆದುಕೊಂಡದ್ದನ್ನು ಮಂಗನಲ್ಲಿ ಗಳಿಸಿದ್ದರ ಜೊತೆ ವಜಾ ಹಾಕುವಂತಿಲ್ಲ. ಗುಳ್ಳೆ ಒಡೆದರೆ ನಿಮ್ಮದು, ಉಬ್ಬಿದರೆ ಅದರಲ್ಲಿ ನಮಗೂ ಪಾಲು. ಬೀಪಲ್ ಬಿಟ್ಟರೆ ಈ ಜಾತ್ರೆಯಲ್ಲಿ ತಲೆ ನೆಟ್ಟಗಿದ್ದದ್ದು ಆದಾಯ ತೆರಿಗೆಯವರದ್ದೇ.

2023ರ ಸೆಪ್ಟೆಂಬರಿನಲ್ಲಿ ಒಂದು ವರದಿ 73 ಸಾವಿರಕ್ಕೂ ಹೆಚ್ಚು ಎನ್‌ಎಫ್‌ಟಿ ಸಂಗ್ರಹಗಳ ಲೆಕ್ಕ ತೆಗೆಯಿತು. 95 ಪರ್ಸೆಂಟಿನ ಬೆಲೆ ಸೊನ್ನೆ. ಆಮೇಲೆ ನವೆಂಬರಿನಲ್ಲಿ ಹಾಂಗ್‌ಕಾಂಗಿನಲ್ಲಿ ಮಂಗದ ಮಾಲೀಕರ ಸಮಾವೇಶ ನಡೆಯಿತು. ಏಪ್‌ಫೆಸ್ಟ್ ಅಂತ. ಝಗಮಗ ಬೆಳಕು, ಹಾಡು, ಕುಣಿತ. ಮಾರನೆಯ ದಿನ ಕೆಲವರು ಕಣ್ಣು ಬಿಡಲಾಗದೆ ಒದ್ದಾಡುತ್ತಾ ಎದ್ದರು. ಕಣ್ಣುರಿ, ಕೆಲವರಿಗೆ ಚರ್ಮವೂ ಸುಟ್ಟಂತೆ. ಆಸ್ಪತ್ರೆಗೆ ಹೋದವರೂ ಇದ್ದರು. ವಿಚಾರಣೆ ಮಾಡಿದಾಗ, ಒಂದು ಮೂಲೆಯಲ್ಲಿ ಹಾಕಿದ್ದ ಅಲ್ಟ್ರಾವಯಲೆಟ್ ದೀಪಗಳೇ ಕಾರಣ ಇರಬೇಕು ಅಂತ ಕಂಪನಿ ಹೇಳಿತು. ಪ್ರಪಂಚಕ್ಕೆಲ್ಲ ಬಿಟ್ಟಿಯಾಗಿ ಕಾಣುವ ಚಿತ್ರಕ್ಕೆ ಲಕ್ಷಾಂತರ ಡಾಲರ್ ಕೊಟ್ಟವರಿಗೆ ಆ ಎರಡು ದಿನ ಅದೂ ಕಾಣಲಿಲ್ಲ. ನಗಬಾರದು. ನಾನು ನಕ್ಕೆ, ಆಮೇಲೆ ಬೇಜಾರು ಮಾಡಿಕೊಂಡೆ.

2024ರ ಜನವರಿಯಲ್ಲಿ ಟ್ವಿಟರ್, ಅಷ್ಟು ಹೊತ್ತಿಗೆ ಎಕ್ಸ್, ಆ ಆರು ಮೂಲೆಯ ಸೇವೆಯನ್ನು ಸದ್ದಿಲ್ಲದೆ ತೆಗೆಯಿತು. ಎಲ್ಲರೂ ಮತ್ತೆ ದುಂಡಗಾದರು.

ಕಳೆದ ತಿಂಗಳು ಅಕ್ಕನ ಮಗ ಫೋನ್ ಮಾಡಿದ. ಒಂಟೆಗಳನ್ನು ಬಿಟ್ಟಿದ್ದ ಕಂಪನಿ ಬಾಗಿಲು ಹಾಕಿಕೊಂಡು ಹೋಗಿದೆಯಂತೆ. ಸರ್ವರ್ ಬಾಡಿಗೆ ಕಟ್ಟುವವರಿಲ್ಲ. ಲೆಕ್ಕದ ಪುಸ್ತಕದಲ್ಲಿ ಇವನ ಹೆಸರು ಹಾಗೇ ಇದೆ, ಪ್ರಳಯದವರೆಗೂ ಇರುತ್ತದೆ. ಅಲ್ಲಿ ಬರೆದ ವಿಳಾಸಕ್ಕೆ ಹೋದರೆ ಮಾತ್ರ ಬಿಳಿ ಪರದೆ. ಫೋನ್ ಬೇರೆ ಬದಲಾಯಿಸಿದ್ದಾನೆ, ಹಳೆಯ ಫೋಟೋಗಳೆಲ್ಲ ಹೋಗಿವೆ. ಹೊಸದಾಗಿ ಮದುವೆಯಾದ ಹುಡುಗ. ಆ 40 ಸಾವಿರ ಏನಾಯ್ತು ಅಂತ ಹೆಂಡತಿ ಕೇಳಿದಳಂತೆ. ತೋರಿಸೋಣ ಅಂದರೆ ಏನೂ ಇಲ್ಲ.

"ಮಾಮ, ಆವತ್ತು ಸೇವ್ ಮಾಡ್ಕೊಂಡಿದ್ರಲ್ಲ, ಆ ಒಂಟೆ ಇನ್ನೂ ಇದ್ಯಾ?"

ಹುಡುಕಿದೆ. ಇತ್ತು. ಯಾರೋ ಕಳಿಸಿದ್ದ ಸಂಕ್ರಾಂತಿ ಶುಭಾಶಯಕ್ಕೂ ಆ ತಿಂಗಳ ಕರೆಂಟ್ ಬಿಲ್ಲಿಗೂ ನಡುವೆ, ಬೀಡಿ ಕಚ್ಚಿಕೊಂಡು ಹಾಗೇ ನಿಂತಿತ್ತು. ಕಳಿಸಿದೆ. ಗ್ಯಾಸ್ ಫೀ ತಗೊಳ್ಳಲಿಲ್ಲ.