ಮಧುಗಿರಿಗೂ ತಿಪಟೂರಿಗೂ ಒಂದೊಂದು ಆಶ್ರಯ ಗೃಹ ಬೇಕು

ಕಳೆದ ವರ್ಷ ಮಾಗಿಯ ಒಂದು ರಾತ್ರಿ ಹನ್ನೊಂದರ ಸುಮಾರಿಗೆ ನಮ್ಮೂರಿನ ಹೆಣ್ಣುಮಗಳೊಬ್ಬಳು ಹದಿಮೂರು ವರ್ಷದ ಮಗನನ್ನು ಕರೆದುಕೊಂಡು ಬಂದು ನಮ್ಮ ಜಗುಲಿಯ ಮೇಲೆ ಕುಳಿತಳು. ಎಡಗೈಯ ಬಳೆಗಳೆಲ್ಲ ಒಡೆದು ಮಣಿಕಟ್ಟಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಮಗನ ಶಾಲೆಯ ಚೀಲದಲ್ಲಿ ಪುಸ್ತಕಗಳ ನಡುವೆ ಪಡಿತರ ಚೀಟಿ, ಆಧಾರ್ ಕಾರ್ಡು, ಪಾಸ್‌ಬುಕ್ಕುಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಇಟ್ಟಿದ್ದಳು. ಮನೆ ಬಿಡುವ ಸಿದ್ಧತೆ ಎಷ್ಟೋ ದಿನಗಳ ಹಿಂದೆಯೇ ಮುಗಿದಿತ್ತು. ಹೋಗುವ ಜಾಗವೊಂದು ಮಾತ್ರ ಇರಲಿಲ್ಲ.

ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿದೆವು. ಮಾತಾಡಿದವರು ಸೌಜನ್ಯದಿಂದಲೇ ವಿವರಿಸಿದರು. ಹಿಂಸೆಗೊಳಗಾದ ಹೆಂಗಸರಿಗೆ ತುರ್ತು ನೆರವು ಕೊಡುವ ಸರ್ಕಾರದ ಸಖಿ ಕೇಂದ್ರದಲ್ಲಿ ತಂಗಲು ಸಿಗುವುದು ಹೆಚ್ಚೆಂದರೆ ಐದು ದಿನ. ಅದಕ್ಕಿಂತ ಹೆಚ್ಚು ಕಾಲ ಇರಬೇಕಾದರೆ ಶಕ್ತಿ ಸದನವೆಂಬ ಆಶ್ರಯ ಗೃಹ, ಅಂದರೆ 2022ರಲ್ಲಿ ಮಿಷನ್ ಶಕ್ತಿ ಯೋಜನೆಯಡಿ ಹೆಸರು ಬದಲಾದ ಹಿಂದಿನ ಸ್ವಾಧಾರ ಗೃಹ. ಅಲ್ಲಿ ತಾಯಿಯ ಜೊತೆ ಹೆಣ್ಣುಮಕ್ಕಳು ಇರಬಹುದು, ಗಂಡುಮಕ್ಕಳಾದರೆ ಹನ್ನೆರಡು ವರ್ಷದವರೆಗೆ ಮಾತ್ರ. “ಇವ್ನುನ್ನ ಯಾರ್ ಹತ್ರ ಬಿಡ್ಲಣ್ಣಾ?” ಎಂದು ಕೇಳಿದವಳು ಮೂರನೆಯ ದಿನ ಬೆಳಿಗ್ಗೆ ಎದ್ದು ಗಂಡನ ಮನೆಗೇ ಹೋದಳು.

ಕಾನೂನಿಗೆ ಕೊರತೆಯಿಲ್ಲ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ 2005ರಲ್ಲಿ ಬಂದು, 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ನೊಂದ ಮಹಿಳೆಯ ಪರವಾಗಿ ಸಂರಕ್ಷಣಾಧಿಕಾರಿ ಕೇಳಿದರೆ ಆಶ್ರಯ ಗೃಹದವರು ಜಾಗ ಕೊಡಲೇಬೇಕೆಂದು ಅದರ 6ನೇ ಕಲಂ ಹೇಳುತ್ತದೆ. ಆದರೆ ತಾಲ್ಲೂಕಿನಲ್ಲಿ ಈ ಸಂರಕ್ಷಣಾಧಿಕಾರಿಯ ಹೊಣೆ ಹೊತ್ತಿರುವುದು ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ). ಅಂಗನವಾಡಿಯ ಮೊಟ್ಟೆಯಿಂದ ಗೃಹಲಕ್ಷ್ಮಿಯ ಅರ್ಜಿಯವರೆಗೆ ಎಲ್ಲವೂ ಅವರ ಮೇಜಿಗೇ ಬರುತ್ತದೆ.

ಮನೆ ಬಿಡಬೇಕಾದವನು ಹೊಡೆದವನಲ್ಲವೇ, ಅವಳೇಕೆ ಬಿಡಬೇಕು ಎಂದು ಗೆಳೆಯರೊಬ್ಬರು ವಾದಿಸಿದರು. ಮಾತು ನ್ಯಾಯವಾದದ್ದೇ. ಅದೇ ಕಾಯ್ದೆಯ 19ನೇ ಕಲಮಿನಡಿ ಅವನನ್ನು ಮನೆಯಿಂದ ಹೊರಗಿರುವಂತೆ ಮ್ಯಾಜಿಸ್ಟ್ರೇಟರು ಆದೇಶಿಸಬಹುದು. ಆದರೆ ಅರ್ಜಿಯನ್ನು ಅರವತ್ತು ದಿನಗಳಲ್ಲಿ ಇತ್ಯರ್ಥಪಡಿಸಲು ಪ್ರಯತ್ನಿಸಬೇಕೆಂದು ಕಾಯ್ದೆಯೇ ಹೇಳುವಾಗ, ಆ ಅರವತ್ತು ರಾತ್ರಿಗಳನ್ನು ಅವಳು ಎಲ್ಲಿ ಕಳೆಯಬೇಕು? ತವರಿನಲ್ಲಿ ಅಣ್ಣತಮ್ಮಂದಿರ ಸಂಸಾರವಿರುತ್ತದೆ. ಎರಡನೆಯ ವಾರಕ್ಕೆ “ಹೊಂದ್ಕೊಂಡ್ ಹೋಗಮ್ಮ” ಎಂಬ ಪಂಚಾಯ್ತಿ ಶುರುವಾಗುತ್ತದೆ.

ನಮ್ಮ ತುಮಕೂರು ಜಿಲ್ಲೆಯಲ್ಲಿ ಹತ್ತು ತಾಲ್ಲೂಕುಗಳಿವೆ. ಪಾವಗಡದಿಂದ ತುಮಕೂರಿಗೆ ಸುಮಾರು ನೂರು ಕಿಲೋಮೀಟರ್. 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನ ಪ್ರಯಾಣ ಪುಕ್ಕಟೆಯಾಗಿದೆ (ಆ ಯೋಜನೆಯ ಹೆಸರೂ ಶಕ್ತಿಯೇ), ಆದರೆ ಹನ್ನೊಂದು ಗಂಟೆ ರಾತ್ರಿಯಲ್ಲಿ ಹಳ್ಳಿಗೆ ಬಸ್ಸೆಲ್ಲಿ ಬರುತ್ತದೆ? ಹೀಗಾಗಿ ಉಪವಿಭಾಗ ಕೇಂದ್ರಗಳಾದ ಮಧುಗಿರಿ ಮತ್ತು ತಿಪಟೂರಿನಲ್ಲಾದರೂ ಸರ್ಕಾರಿ ಹಣದಲ್ಲೇ ನಡೆಯುವ, ಯಾವ ಹೊತ್ತಿಗೆ ಬಾಗಿಲು ತಟ್ಟಿದರೂ ತೆರೆಯುವ ಆಶ್ರಯ ಗೃಹಗಳಿರಬೇಕು. ಪ್ರತಿ ತಾಲ್ಲೂಕಿಗೂ ಏಕೆ ಕೇಳುವುದಿಲ್ಲವೆಂದರೆ, ತೀರ ಹತ್ತಿರವಾದರೆ ಗಂಡ ಹುಡುಕಿಕೊಂಡು ಬರುತ್ತಾನೆ. ಪಾವಗಡದವಳಿಗೆ ಬೇಕೆನಿಸಿದರೆ ತಿಪಟೂರಿಗೆ ಹೋಗುವ ಅವಕಾಶವಿರಲಿ.

ಇದು ಅಲ್ಲೊಂದು ಇಲ್ಲೊಂದು ಮನೆಯ ಗೋಳಲ್ಲ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ, 18ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 44.4ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾರೆ. ಸಂರಕ್ಷಣಾಧಿಕಾರಿಗಳನ್ನು ನೇಮಿಸಿ, ಆಶ್ರಯ ಗೃಹಗಳನ್ನು ಗುರುತಿಸಿ ಎಂದು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಹೇಳಿದ್ದೂ ಆಗಿದೆ.

ಗಂಡುಮಕ್ಕಳ ವಯಸ್ಸಿನ ನಿಯಮವೂ ಬದಲಾಗಬೇಕು. ದೊಡ್ಡ ಹುಡುಗರು ಒಳಗಿದ್ದರೆ ಉಳಿದ ಹೆಂಗಸರಿಗೆ ಮುಜುಗರವೆಂಬುದು ನಿಜವಾದ ತೊಂದರೆಯೇ, ಆದರೆ ಅಂಥ ತಾಯಂದಿರಿಗಾಗಿ ಪ್ರತ್ಯೇಕ ಬಾಗಿಲಿನ ಎರಡು ಕೋಣೆ ಕಟ್ಟಿಸುವುದು ಸರ್ಕಾರಕ್ಕೆ ದೊಡ್ಡ ಖರ್ಚಲ್ಲ. ನಮ್ಮ ಜಗುಲಿಗೆ ಬಂದಿದ್ದ ಹುಡುಗನಿಗೆ ಈಗ ಹದಿನಾಲ್ಕು. ಪಕ್ಕದ ಬೀದಿಯಲ್ಲಿ ಗಲಾಟೆ ಕೇಳಿಸಿದ ರಾತ್ರಿಗಳಲ್ಲಿ ಈಗಲೂ ಬರುತ್ತಾನೆ, ಆದರೆ ಒಬ್ಬನೇ.